ಬೀಗದ ಕೈ ಯಾರ ಕೈಯಲ್ಲಿ?

ಬೀಗ ತೆಗೆಯುವ ಉಪಕರಣಕ್ಕೆ ಕನ್ನಡದಲ್ಲಿ 'ಕೈ' ಎಂದು ಹೆಸರು. ಮೈಸೂರು ಸೀಮೆಯಲ್ಲಿ ಅದು ಬೀಗದ ಕೈ. ಉತ್ತರಕ್ಕೆ ಹೋದರೆ ಬೀಗವೇ ಕೀಲಿಯಾಗುತ್ತದೆ, ಅದನ್ನು ತೆಗೆಯುವುದು ಕೀಲಿಕೈ. ಬೀಗದ ಹೆಸರು ಬದಲಾದರೂ ಕೈ ಮಾತ್ರ ಎರಡು ಕಡೆಯೂ ಉಳಿದುಕೊಂಡಿದೆ. ಮನೆಯೊಡತಿಯ ಸೊಂಟದಲ್ಲಿ ತೂಗುತ್ತಿದ್ದ ಬೀಗದ ಕೈಗಳ ಗೊಂಚಲು ಒಂದು ಕಾಲದಲ್ಲಿ ಆಕೆಯ ಅಧಿಕಾರದ ಲಾಂಛನವೇ ಆಗಿತ್ತು. ಅತ್ತೆ ಅದನ್ನು ಬಿಚ್ಚಿ ಸೊಸೆಗೆ ಒಪ್ಪಿಸಿದ ದಿನ ಮನೆಯ ಯಜಮಾನಿಕೆ ಕೈ ಬದಲಾಯಿತೆಂದೇ ಅರ್ಥ. ಗೊಂಚಲು ಯಾರ ಬಳಿ ಇದೆಯೋ ಅವರು ಒಡೆಯರು. ಇದರಲ್ಲಿ ತರ್ಕಕ್ಕೆ ಎಡೆಯಿರಲಿಲ್ಲ.

ಈಗ ನಮ್ಮೆಲ್ಲರ ಜೇಬಿನಲ್ಲಿರುವ ಬೀಗಕ್ಕೆ ಈ ಬಗೆಯ ಕೈಯಿಲ್ಲ. ಆಂಡ್ರಾಯ್ಡ್ ಫೋನು ತೆರೆಯುವುದು ನೆನಪಿನಿಂದ: ನಾಲ್ಕಾರು ಅಂಕಿ, ಒಂದು ಗುಟ್ಟಿನ ಮಾತು, ಚುಕ್ಕೆಗಳ ಮೇಲೆ ಬೆರಳಿನಿಂದ ಎಳೆದ ಒಂದು ರಂಗವಲ್ಲಿ. ಮರೆತರೆ ಏನು ಗತಿ? ಮೊದಲಿಗೆ ಒಂದು ದಾರಿ ಇತ್ತು. ಪಕ್ಕದ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಫೋನಿನಲ್ಲಿರುವುದನ್ನೆಲ್ಲ ಅಳಿಸಿಹಾಕಿ, ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ತರುವುದು. ಇದನ್ನೇ ರೀಸೆಟ್ ಎನ್ನುತ್ತಾರೆ. ೨೦೧೫ರಿಂದ ಈಚೆಗೆ ಆ ದಾರಿಗೂ ಒಂದು ಕದ ಬಿದ್ದಿದೆ. ಎಲ್ಲವನ್ನೂ ಅಳಿಸಿದ ಮೇಲೂ ಫೋನು ಕೇಳುತ್ತದೆ: ಇದಕ್ಕೆ ಮೊದಲು ನನ್ನಲ್ಲಿ ಯಾರ ಗೂಗಲ್ ಖಾತೆ ಇತ್ತು? ಅವರ ಗುಟ್ಟಿನ ಮಾತು ಯಾವುದು? ಉತ್ತರ ಹೇಳದೆ ಒಳಗೆ ಪ್ರವೇಶವಿಲ್ಲ.

ಉತ್ತರ ಹೇಳಲಾರದವರ ಸಂಖ್ಯೆ ದೊಡ್ಡದಾಗಿರಬೇಕು. ಏಕೆಂದರೆ ಅವರನ್ನು ನಂಬಿ ಒಂದು ವ್ಯಾಪಾರವೇ ಹುಟ್ಟಿಕೊಂಡಿದೆ. ರೀಸೆಟ್ ಆಗಿ ಬಾಗಿಲು ಹಾಕಿಕೊಂಡ ಫೋನನ್ನು ತೆರೆದುಕೊಡುವ ತಂತ್ರಾಂಶಗಳು ಬಗೆಬಗೆಯ ಹೆಸರಿನಲ್ಲಿ ಬಿಕರಿಯಾಗುತ್ತವೆ. ಅವು ಕಳ್ಳರ ಕನ್ನಗತ್ತಿಗಳೆಂದು ಕೆಲವರ ವಾದ. ಮರೆವಿನವರ ಬಂಧುಗಳೆಂದು ಬೇರೆಯವರ ವಾದ. ನನ್ನ ಕಸುಬು ಕನ್ನಡ ಪಾಠ ಹೇಳುವುದು, ಯಂತ್ರಶಾಸ್ತ್ರವಲ್ಲ. ಆದರೂ ಈ ಜಗಳವನ್ನು ಕೇಳಿದಾಗಲೆಲ್ಲ ನನಗೆ ಇದು ಇನ್ನೂರು ವರ್ಷದ ಹಳೆಯ ವ್ಯಾಜ್ಯವೆಂದು ತೋರುತ್ತದೆ. ಅದರ ಮೊದಲ ವಿಚಾರಣೆ ನಡೆದದ್ದು ಇಂಗ್ಲೆಂಡಿನಲ್ಲಿ, ಲೋಹದ ಬೀಗಗಳ ಮುಂದೆ.

ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಜೋಸೆಫ್ ಬ್ರಾಮ ಎಂಬ ಯಂತ್ರಶಿಲ್ಪಿಯ ಅಂಗಡಿಯಿತ್ತು. ೧೭೮೪ರಲ್ಲಿ ಆತ ಹೊಸ ಬಗೆಯ ಬೀಗಕ್ಕೆ ಪೇಟೆಂಟ್ ಪಡೆದ. ೧೭೯೦ರ ಸುಮಾರಿಗೆ ತನ್ನ ಅಂಗಡಿಯ ಗಾಜಿನ ಕಿಟಕಿಯಲ್ಲಿ ಒಂದು ಬೀಗವನ್ನಿಟ್ಟು, ಇದನ್ನು ತೆರೆಯುವ ಸಾಧನ ಮಾಡಬಲ್ಲ ಕುಶಲಿಗೆ ಕೂಡಲೇ ೨೦೦ ಗಿನಿ ಬಹುಮಾನವೆಂದು ಮೇಲೆ ಬರೆಸಿದ. ಒಳಗೆ ೧೮ ಜಾರುಪಟ್ಟಿಗಳಿದ್ದ ಆ ಬೀಗ ಅರವತ್ತು ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಕುಳಿತಿತ್ತು. ಬ್ರಾಮ ತೀರಿಕೊಂಡ, ಮಕ್ಕಳು ಅಂಗಡಿ ನಡೆಸಿದರು, ಬೀಗ ಮಾತ್ರ ಕಿಟಕಿಯಿಂದ ಕದಲಲಿಲ್ಲ.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಚಬ್ ಎಂಬುವರ ಬೀಗ. ೧೮೧೭ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಬೀಗದ ಕೈ ಬಳಸಿ ಒಂದು ಕಳವು ನಡೆಯಿತು. ತನ್ನ ಕೈಯಿಂದಲ್ಲದೆ ಬೇರಾವುದರಿಂದಲೂ ತೆರೆಯದ ಬೀಗ ಮಾಡಿದವರಿಗೆ ಬಹುಮಾನವೆಂದು ಸರ್ಕಾರ ಸಾರಿತು. ಮರುವರ್ಷ ಜೆರೆಮಯ ಚಬ್ ಎಂಬಾತ ಒಂದು ಬೀಗವನ್ನು ತಂದ. ಅದರ ವಿಶೇಷ ಇಷ್ಟು: ಯಾರಾದರೂ ಬೇರೆ ಕಡ್ಡಿಯನ್ನು ತೂರಿಸಿ ಒಳಗಿನ ಸನ್ನೆಗಳಲ್ಲಿ ಒಂದನ್ನು ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚು ಎತ್ತಿದರೂ ಒಂದು ಕೊಕ್ಕೆ ಸಿಕ್ಕಿಕೊಂಡು ಬೀಗ ಬಿಗಿದುಕೊಳ್ಳುತ್ತಿತ್ತು. ಆಮೇಲೆ ಒಡೆಯ ಬಂದು ತನ್ನ ಸ್ವಂತ ಕೈಯನ್ನು ಹಾಕಿದರೂ ತೆರೆಯದು. ಯಾರೋ ಮುಟ್ಟಿದ್ದಾರೆಂದು ಅವನಿಗೆ ತಿಳಿಯುವುದು ಹಾಗೆ. ಮತ್ತೆ ಸರಿಪಡಿಸಲು ಮೊದಮೊದಲು ಬೇರೊಂದು ಕೈಯೇ ಬೇಕಾಗುತ್ತಿತ್ತು. ೧೮೨೪ರ ಸುಧಾರಣೆಯ ನಂತರ ಒಡೆಯನ ಕೈಯನ್ನೇ ಹಿಂದಕ್ಕೆ ತಿರುವಿದರೆ ಸಾಕಾಯಿತು.

ಕಳ್ಳನ ಮೇಲೆ ಮುನಿದು ಒಡೆಯನನ್ನೂ ಹೊರಗೆ ನಿಲ್ಲಿಸುವ ಬೀಗ! ರೀಸೆಟ್ ಆದ ಮೇಲೂ ಹೆಸರು ಕೇಳುವ ಫೋನಿಗೆ ಮುತ್ತಜ್ಜ ಇದೇ ಎಂದು ನಾನು ತಿಳಿದಿದ್ದೇನೆ.

ಆ ಬೀಗದ ಪರೀಕ್ಷೆಯ ಕಥೆಯೂ ಸ್ವಾರಸ್ಯವಾದುದು. ಪೋರ್ಟ್ಸ್‌ಮತ್ತಿನ ಹಡಗಿನ ಸೆರೆಮನೆಯಲ್ಲಿ ಒಬ್ಬ ಕೈದಿಯಿದ್ದ. ಕಸುಬಿನಿಂದ ಬೀಗದ ಕೆಲಸದವನು. ತನ್ನ ಮುಂದಿಟ್ಟ ಬೀಗಗಳನ್ನೆಲ್ಲ ತೆರೆದ ಖ್ಯಾತಿ ಅವನಿಗಿತ್ತು. ಚಬ್ಬನ ಬೀಗವನ್ನು ತೆರೆದರೆ ಸರ್ಕಾರದಿಂದ ಕ್ಷಮೆ, ಚಬ್ಬನಿಂದ ೧೦೦ ಪೌಂಡು ಎಂದು ಮಾತಾಯಿತು. ಬಿಡಿಭಾಗಗಳನ್ನು ಕೊಟ್ಟರು, ಸಾಧನ ಕೊಟ್ಟರು. ಎರಡು ಮೂರು ತಿಂಗಳು ಹೆಣಗಿ ಅವನು ಕೈ ಚೆಲ್ಲಿದ. ತನ್ನ ಬಿಡುಗಡೆಯನ್ನೇ ಒಂದು ಬೀಗದೊಳಗೆ ಇಟ್ಟು ಎದುರಿಗೆ ಹಿಡಿದಾಗ ಆ ಮನುಷ್ಯ ಪಟ್ಟ ಪಾಡನ್ನು ಯಾರೂ ಬರೆದಿಟ್ಟಿಲ್ಲವೆಂಬುದು ನನ್ನ ಕೊರಗು. ಬೀಗದ ಚರಿತ್ರೆಯಲ್ಲಿ ಅವನಿಗೆ ಒಂದು ಹೆಸರೂ ಇಲ್ಲ.

೧೮೫೧ರಲ್ಲಿ ಲಂಡನ್ನಿನಲ್ಲಿ ಜಗತ್ತಿನ ಕೈಗಾರಿಕೆಗಳ ಮಹಾಪ್ರದರ್ಶನ ನಡೆಯಿತು. ಅಮೆರಿಕದ ಒಂದು ಬೀಗದ ಕಂಪನಿಯ ಪರವಾಗಿ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬಾತ ಅಲ್ಲಿಗೆ ಬಂದ. ಬಂದವನು ಚಬ್ಬನ ಬೀಗ ತೆರೆಯಬಲ್ಲೆನೆಂದ. ಜುಲೈ ತಿಂಗಳಲ್ಲಿ ವೆಸ್ಟ್‌ಮಿನ್‌ಸ್ಟರಿನ ಒಂದು ಮನೆಯಲ್ಲಿ ಸಾಕ್ಷಿಗಳ ಎದುರಿಗೆ ೨೫ ನಿಮಿಷದಲ್ಲಿ ತೆರೆದ; ೭ ನಿಮಿಷದಲ್ಲಿ, ಏನೂ ನಡೆಯದವನಂತೆ, ಮತ್ತೆ ಹಾಕಿದ. ಉಪಾಯ ಕೇಳಿದರೆ ನಗು ಬರುತ್ತದೆ. ಸನ್ನೆಯನ್ನು ಹೆಚ್ಚು ಎತ್ತಿದರೆ ಕೊಕ್ಕೆ ಸಿಕ್ಕಿಕೊಳ್ಳುವುದಷ್ಟೆ? ಹಾಗಾದರೆ ಎಷ್ಟು ಎತ್ತಿದರೆ ಹೆಚ್ಚಾಗುತ್ತದೆಂದು ಬೀಗವೇ ಬಾಯಿಬಿಟ್ಟು ಹೇಳಿದ ಹಾಗಾಯಿತು. ಕಾವಲುಗಾರನ ಕೂಗನ್ನೇ ಕಿವಿಗೊಟ್ಟು ಕೇಳಿ ಹಾಬ್ಸ್ ದಾರಿ ಹಿಡಿದ. ಆಮೇಲೆ ಬ್ರಾಮನ ಕಿಟಕಿಗೆ ತಿರುಗಿದ. ಮೂವರು ಮಧ್ಯಸ್ಥರನ್ನು ನೇಮಿಸಿದರು. ಹದಿನಾರು ದಿನಗಳಲ್ಲಿ ಒಟ್ಟು ೫೧ ಗಂಟೆ ಕುಳಿತು ಅದನ್ನೂ ತೆರೆದ. ಕಂಪನಿಯವರು ಗೊಣಗಿದರು, ಮಧ್ಯಸ್ಥರು ಹಾಬ್ಸನ ಪರವಾಗಿ ತೀರ್ಪು ಕೊಟ್ಟರು, ೨೦೦ ಗಿನಿ ಎಣಿಸಿಕೊಡಬೇಕಾಯಿತು. ಆ ಬೀಗ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಅಂದಿನ ಇಂಗ್ಲೆಂಡಿಗೆ ಇದು ಬೀಗ ಒಡೆದ ಸುದ್ದಿಯಲ್ಲ, ನಂಬಿಕೆ ಒಡೆದ ಸುದ್ದಿ. ಇಂಥ ಗುಟ್ಟುಗಳನ್ನು ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗುವುದಿಲ್ಲವೆ ಎಂದು ಪತ್ರಿಕೆಗಳಲ್ಲಿ ಚರ್ಚೆಯೆದ್ದಿತು. ಹಾಬ್ಸನ ಬರಹಗಳನ್ನು ಆಧರಿಸಿ ಚಾರ್ಲ್ಸ್ ಟಾಮ್ಲಿನ್‌ಸನ್ ೧೮೫೩ರಲ್ಲಿ ಸಂಪಾದಿಸಿದ ಬೀಗಗಳ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಅದರ ಸಾರ: ಕಳ್ಳರು ತಮ್ಮ ಕಸುಬಿನಲ್ಲಿ ನಿಪುಣರು, ನಾವು ಕಲಿಸಬಹುದಾದದ್ದು ಅವರಿಗೆ ಆಗಲೇ ಗೊತ್ತಿದೆ, ಗೊತ್ತಿಲ್ಲದೆ ಮೋಸಹೋಗುವವರು ಬೀಗ ಕೊಳ್ಳುವ ಸಾಧುಗಳು. ನನಗೆ ಈ ವಾದ ಒಪ್ಪಿಗೆ. ಹಾಬ್ಸನನ್ನು ನಾನು ಮೆಚ್ಚುವುದು ಅವನ ಕೈಚಳಕಕ್ಕಾಗಿ ಮಾತ್ರವಲ್ಲ. ಅವನು ಹಗಲು ಹೊತ್ತಿನಲ್ಲಿ, ಸಾಕ್ಷಿಗಳನ್ನು ಕೂರಿಸಿಕೊಂಡು ಬೀಗ ತೆರೆದ. ಅದೇ ಕಡ್ಡಿ ಇರುಳಿನಲ್ಲಿ ಬೇರೊಬ್ಬನ ಕೈಯಲ್ಲಿದ್ದರೆ ಅದಕ್ಕೆ ಬೇರೆ ಹೆಸರು.

ಮುಂದಿನ ನೂರೈವತ್ತು ವರ್ಷ ಬೀಗಗಳು ಬೆಳೆದವು, ಸಣ್ಣವಾದವು, ಅಗ್ಗವಾದವು. ಅದರ ವಿವರ ಇಲ್ಲಿ ಬೇಡ. ಒಂದು ಸಂಗತಿ ಮಾತ್ರ ಬದಲಾಗಲಿಲ್ಲ: ಬೀಗ ಯಾವಾಗಲೂ ವಸ್ತುವಿನ ಹೊರಗೆ ಇರುತ್ತಿತ್ತು. ಪೆಟ್ಟಿಗೆಗೆ ಬೀಗ, ಒಳಗೆ ಒಡವೆ. ಕಳ್ಳ ಪೆಟ್ಟಿಗೆಯನ್ನು ಹೊತ್ತೊಯ್ದು ಕೊಡಲಿಯಿಂದ ಒಡೆದನೆಂದರೆ ಒಡವೆ ಅವನದು. ಕದ್ದ ಸರ ಕದ್ದವನ ಕೊರಳಲ್ಲೂ ಹೊಳೆಯುತ್ತದೆ. ಕದ್ದವನ ಕೊರಳಿಗೆ ಹೋದೊಡನೆ ಹಿತ್ತಾಳೆಯಾಗುವ ಸರವಿದ್ದಿದ್ದರೆ ಅದನ್ನು ಕದಿಯುವವರಾರು? ಈ ಜಾನಪದ ಕಲ್ಪನೆ ಅಮೆರಿಕದ ಶಾಸನಸಭೆಗಳಲ್ಲಿ ಮಸೂದೆಯಾಗಿ ಬಂತು.

ಬಂದದ್ದು ರಕ್ತದ ಕಾರಣದಿಂದ. ೨೦೧೨ರ ಹೊತ್ತಿಗೆ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಮೊದಲಾದ ನಗರಗಳಲ್ಲಿ ಫೋನಿನ ದರೋಡೆ ದಿನನಿತ್ಯದ ಮಾತಾಗಿತ್ತು. ಆ ವರ್ಷವೇ ಸೇಂಟ್ ಲೂಯಿಸ್ ನಗರದಲ್ಲಿ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಹಾಡಹಗಲು ಫೋನಿಗಾಗಿ ಗುಂಡಿಗೆ ಬಲಿಯಾದಳು. ೨೦೧೩ರಲ್ಲಿ ಅಮೆರಿಕದಲ್ಲಿ ಕಳುವಾದ ಫೋನುಗಳು ೩೧ ಲಕ್ಷವೆಂದು ಅಲ್ಲಿನ ಬಳಕೆದಾರರ ಪತ್ರಿಕೆ 'ಕನ್ಸ್ಯೂಮರ್ ರಿಪೋರ್ಟ್ಸ್' ಅಂದಾಜು ಮಾಡಿತು. ೨೦೧೩ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎರಿಕ್ ಶ್ನೈಡರ್‌ಮನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಜಿಲ್ಲೆಯ ಸರ್ಕಾರಿ ವಕೀಲ ಜಾರ್ಜ್ ಗ್ಯಾಸ್ಕೋನ್ ಸೇರಿ ಕಂಪನಿಗಳ ಮೇಲೆ ಒತ್ತಡ ಹೇರುವ ಚಳವಳಿಯೊಂದನ್ನು ಆರಂಭಿಸಿದರು. ಕದ್ದ ಫೋನು ಕಳ್ಳನಿಗೆ ನಿಷ್ಪ್ರಯೋಜಕವಾಗಬೇಕು ಎಂಬುದು ಅವರ ಬೇಡಿಕೆ. ಅದೇ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ಐಫೋನಿಗೆ ಅಂಥ ಬೀಗವನ್ನು ಕೂಡಿಸಿತು.

ದೂರವಾಣಿ ಸೇವೆಯ ಕಂಪನಿಗಳಿಗೆ ಇದು ರುಚಿಸಲಿಲ್ಲ. ದುಷ್ಟರು ಈ ಬೀಗವನ್ನೇ ಬಳಸಿ ಒಳ್ಳೆಯವರ ಫೋನನ್ನು ಕೊಲ್ಲಬಹುದೆಂದು ಅವರು ವಾದಿಸಿದರು. ಕಳೆದ ಫೋನಿನ ವಿಮೆಯ ಕಂತಿನಿಂದ ಬರುವ ಲಾಭಕ್ಕೆ ಕುತ್ತಾದೀತೆಂಬ ಭಯವೇ ನಿಜವಾದ ಕಾರಣವೆಂದು ಗ್ಯಾಸ್ಕೋನ್ ಆರೋಪಿಸಿದರು. ಕ್ಯಾಲಿಫೋರ್ನಿಯದ ಸೆನೆಟ್ಟಿನಲ್ಲಿ ಮಾರ್ಕ್ ಲೀನೊ ಎಂಬ ಸದಸ್ಯರು ತಂದ ಮಸೂದೆ ೨೦೧೪ರ ಏಪ್ರಿಲಿನಲ್ಲಿ ಎರಡೇ ಮತಗಳ ಕೊರತೆಯಿಂದ ಬಿದ್ದಿತು; ಮೇ ತಿಂಗಳಲ್ಲಿ ಮತ್ತೆ ಬಂದು ಗೆದ್ದಿತು. ಆಗಸ್ಟ್ ೨೫ರಂದು ರಾಜ್ಯಪಾಲರು ಅದಕ್ಕೆ ಅಂಕಿತ ಹಾಕಿದರು. ಮಿನ್ನೆಸೋಟ ರಾಜ್ಯ ಅದಕ್ಕೆ ಮೂರು ತಿಂಗಳು ಮೊದಲೇ ಇಂಥ ಶಾಸನ ಮಾಡಿತ್ತು. ೨೦೧೫ರ ಜುಲೈ ೧ರಿಂದ ಈಚೆಗೆ ತಯಾರಾದ ಸ್ಮಾರ್ಟ್‌ಫೋನುಗಳು ಇಂಥ ಬೀಗವಿಲ್ಲದೆ ಕ್ಯಾಲಿಫೋರ್ನಿಯದಲ್ಲಿ ಮಾರಾಟವಾಗುವಂತಿರಲಿಲ್ಲ. ತಪ್ಪಿದರೆ ಒಂದೊಂದು ಫೋನಿಗೆ ೨,೫೦೦ ಡಾಲರಿನವರೆಗೆ ದಂಡ. ವಿನೋದವೆಂದರೆ, ಅದೇ ಆಗಸ್ಟ್ ೧ರಂದು ಅಧ್ಯಕ್ಷ ಒಬಾಮ ಇನ್ನೊಂದು ಶಾಸನಕ್ಕೆ ಸಹಿ ಹಾಕಿದ್ದರು: ಒಂದು ಸೇವೆಯ ಕಂಪನಿಗೆ ಕಟ್ಟಿಹಾಕಿದ ಫೋನಿನ ಕಟ್ಟನ್ನು ಗ್ರಾಹಕ ಬಿಚ್ಚಿಸಿಕೊಳ್ಳಬಹುದೆಂದು. ಒಂದೇ ತಿಂಗಳಲ್ಲಿ ಒಂದು ಬೀಗ ತೆಗೆಯಲು ಕಾನೂನು, ಇನ್ನೊಂದು ಬೀಗ ಹಾಕಲು ಕಾನೂನು!

ಫಲ ದೊರೆಯಲಿಲ್ಲವೆನ್ನುವಂತಿಲ್ಲ. ಆಪಲ್ ಬೀಗ ಬಂದ ಹನ್ನೆರಡು ತಿಂಗಳಲ್ಲಿ ಐಫೋನಿನ ಕಳವು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇಕಡ ೪೦, ನ್ಯೂಯಾರ್ಕಿನಲ್ಲಿ ಶೇಕಡ ೨೫ ಇಳಿಯಿತೆಂದು ೨೦೧೫ರ ಫೆಬ್ರವರಿಯಲ್ಲಿ ಈ ಅಧಿಕಾರಿಗಳು ಪ್ರಕಟಿಸಿದರು. ಅಮೆರಿಕದ ಒಟ್ಟು ಕಳವು ೨೦೧೪ರಲ್ಲಿ ೨೧ ಲಕ್ಷಕ್ಕೆ ಇಳಿದಿತ್ತೆಂದು ಮೇಲೆ ಹೇಳಿದ ಪತ್ರಿಕೆಯ ಅಂದಾಜು. ಬೀಗವನ್ನು ಬೈಯುವವರು ಈ ಅಂಕಿಗಳನ್ನು ಮರೆಯಬಾರದು. ಅವುಗಳ ಹಿಂದೆ ಬೀಳದೆ ಹೋದ ಏಟುಗಳಿವೆ, ಹೋಗದೆ ಉಳಿದ ಜೀವಗಳೂ ಇದ್ದಾವು.

ಗೂಗಲ್ ಕಂಪನಿ ಆಂಡ್ರಾಯ್ಡಿನ ೫.೧ನೆಯ ಆವೃತ್ತಿಯೊಡನೆ ೨೦೧೫ರ ಮಾರ್ಚಿಯಲ್ಲಿ ತನ್ನ ಬೀಗವನ್ನು ತಂದಿತು. 'ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್' ಎಂದು ಅದರ ಉದ್ದನೆಯ ಹೆಸರು. ಫೋನಿನ ಸ್ಮೃತಿಯಲ್ಲಿ ಒಂದು ಪುಟ್ಟ ಭಾಗವನ್ನು ಬೇರೆ ಮಾಡಿ, ರೀಸೆಟ್ಟಿನ ಪ್ರಳಯದಲ್ಲೂ ಅಳಿಯದಂತೆ ಇಟ್ಟಿದ್ದಾರೆ. ಆಲದೆಲೆಯ ಮೇಲಿನ ಕೂಸಿನಂತೆ ಒಡೆಯನ ಗುರುತು ಅಲ್ಲಿ ಉಳಿಯುತ್ತದೆ. ಒಡೆಯನೇ ತನ್ನ ಗುಟ್ಟಿನ ಅಂಕಿ ಕೊಟ್ಟು, ಒಳಗಿನ ಸೆಟ್ಟಿಂಗ್ಸ್ ಮೂಲಕ ಕ್ರಮವಾಗಿ ಅಳಿಸಿದರೆ ಆ ಗುರುತೂ ಹೋಗುತ್ತದೆ. ಫೋನನ್ನು ಮಾರಬಹುದು, ದಾನ ಮಾಡಬಹುದು. ಹೊರಗಿನ ಗುಂಡಿಗಳನ್ನು ಒತ್ತಿ ಅಳಿಸಿದರೆ ಮಾತ್ರ ಗುರುತು ಉಳಿದು, ಫೋನು ಮತ್ತೆ ಹೊತ್ತಿಕೊಂಡೊಡನೆ ಹಳೆಯ ಹೆಸರನ್ನೋ ಹಳೆಯ ಗುಟ್ಟನ್ನೋ ಕೇಳುತ್ತದೆ.

ಇದನ್ನು ದಾಟಿದವರ ಕಥೆಗೆ ಹೋಗುವ ಮುನ್ನ ನನ್ನ ಕಸುಬಿನ ಒಂದು ಮಾತಿಗೆ ವಾಚಕರು ಅವಕಾಶ ಕೊಡಬೇಕು. ಶೂದ್ರಕನ 'ಮೃಚ್ಛಕಟಿಕ'ದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಬ್ರಾಹ್ಮಣ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಪ್ರೇಯಸಿಯನ್ನು ದಾಸ್ಯದಿಂದ ಬಿಡಿಸಲು ಅವನಿಗೆ ಹಣ ಬೇಕು. ಕಳ್ಳತನಕ್ಕೂ ಶಾಸ್ತ್ರವುಂಟು, ಅದಕ್ಕೂ ಗುರುಪರಂಪರೆಯುಂಟು. ಬಾಗಿಲಿನೊಡನೆ ಅವನು ಗುದ್ದಾಡುವುದಿಲ್ಲ, ಗೋಡೆಯನ್ನು ನೋಡುತ್ತಾನೆ. ನೀರು ಬಿದ್ದು ಮೆತ್ತಗಾದ ಜಾಗ ಎಲ್ಲಿ? ಕಮಲದಂತೆ ಕೊರೆಯಲೋ, ಪೂರ್ಣಕುಂಭದಂತೆ ಕೊರೆಯಲೋ? ಅಳತೆಯ ದಾರ ಮರೆತುಬಂದದ್ದಕ್ಕೆ ಜನಿವಾರವನ್ನೇ ದಾರ ಮಾಡಿಕೊಳ್ಳುತ್ತಾನೆ.

ಆಂಡ್ರಾಯ್ಡಿನ ಬೀಗವನ್ನು ಮೊದಮೊದಲು ದಾಟಿದವರೆಲ್ಲ ಶರ್ವಿಲಕನ ಶಿಷ್ಯರು. ಬೀಗವನ್ನು ಅವರು ಮುಟ್ಟಲೇ ಇಲ್ಲ. ಹೆಸರು ಕೇಳುವ ಪರದೆಯಲ್ಲಿಯೇ ಅಕ್ಷರ ಒತ್ತುವ ಕೀಲಿಮಣೆಯಿದೆ, ಕೀಲಿಮಣೆಗೆ ಅದರದೇ ಆದ ಸೆಟ್ಟಿಂಗ್ಸ್ ಇದೆ, ಅಲ್ಲಿ 'ಸಹಾಯ' ಎಂಬ ಪುಟ, ಆ ಪುಟದಲ್ಲೊಂದು ಕೊಂಡಿ, ಕೊಂಡಿಯಿಂದ ಅಂತರಜಾಲಕ್ಕೆ, ಅಲ್ಲಿಂದ ಸುತ್ತಿ ಬಳಸಿ ಮನೆಯ ನಡುಮನೆಗೆ. ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ಸೌಕರ್ಯವೊಂದುಂಟಷ್ಟೆ. ಅದರ ಮೂಲಕವೂ ನುಸುಳಿದರು. ಕುರುಡರಿಗಾಗಿ ಕರುಣೆಯಿಂದ ಇಟ್ಟ ದಿಡ್ಡಿಬಾಗಿಲು ಗೋಡೆಯ ಮೆತ್ತನೆಯ ಜಾಗವಾಯಿತು. ಗೂಗಲ್ ಮತ್ತು ಫೋನು ತಯಾರಕರು ಒಂದೊಂದನ್ನೂ ಮುಚ್ಚುತ್ತ ಬಂದರು; ಇವರು ಮತ್ತೊಂದನ್ನು ಹುಡುಕುತ್ತ ಬಂದರು.

ಈ ಬೆರಳಿನ ವಿದ್ಯೆ ಗಣಕಯಂತ್ರಕ್ಕೆ ಏರಿದಾಗ ತಂತ್ರಾಂಶವಾಯಿತು. ಫೋನನ್ನು ತಂತಿಯಿಂದ ಗಣಕಕ್ಕೆ ಸೇರಿಸಿದರೆ ಅದು ಫೋನಿನ ಪರದೆಯೊಡನೆ ಮಾತಾಡುವುದಿಲ್ಲ, ಅದರ ಅಡಿಯಲ್ಲಿರುವ ಚಿಪ್ಪಿನೊಡನೆ ಮಾತಾಡುತ್ತದೆ. ಸತ್ತುಬಿದ್ದ ಫೋನಿಗೆ ಮತ್ತೆ ಜೀವ ತುಂಬಲೆಂದು ಚಿಪ್ಪು ತಯಾರಕರು ದುರಸ್ತಿಯ ಬಾಗಿಲೊಂದನ್ನು ಇಟ್ಟಿರುತ್ತಾರೆ. ಆ ದಾರಿಯಲ್ಲಿ ಒಳಹೊಕ್ಕು, ಪ್ರಳಯಕ್ಕೂ ಅಳಿಯದ ಆ ಪುಟ್ಟ ಭಾಗವನ್ನು ಅಳಿಸಿಬಿಡುವುದು ಇಂಥ ತಂತ್ರಾಂಶಗಳಲ್ಲಿ ಅನೇಕದರ ಕ್ರಮ. ದುರಸ್ತಿಯ ಕಸುಬಿನವರು ವರ್ಷದ ಚಂದಾ ಕಟ್ಟಿ ಇವನ್ನು ಕೊಳ್ಳುತ್ತಾರೆ. ಪುಕ್ಕಟೆಯೆಂದು ಸಿಗುವವುಗಳಲ್ಲಿ ಎಷ್ಟೋ ಬರಿಯ ಬಲೆ. ಫೋನು ತೆರೆಯುವ ಆಸೆಯಲ್ಲಿ ಗಣಕಕ್ಕೆ ರೋಗ ಹತ್ತಿಸಿಕೊಳ್ಳುವುದೇ ಲಾಭ. ೨೦೨೪ರಲ್ಲಿ ಬಂದ ಆಂಡ್ರಾಯ್ಡ್ ೧೫ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಕನ್ನ ಕೊರೆದು ಒಳಗೆ ಬಂದವನಿಗೂ ಹೊಸ ಖಾತೆ ಕೂಡಿಸುವ, ಹೊಸ ಗುಟ್ಟು ಹಾಕುವ, ಹೊಸ ಆ್ಯಪ್ ಸೇರಿಸುವ ಅಧಿಕಾರವಿಲ್ಲ. ಮನೆಯೊಳಗೆ ಬಂದರೂ ಕೂರಲು ಮಣೆಯಿಲ್ಲ.

ಹಾಗಾದರೆ ಕಳ್ಳರು ಕೈಕಟ್ಟಿ ಕುಳಿತರೆ? ಇಲ್ಲ. ತೆರೆಯದ ಫೋನನ್ನು ಬಿಡಿಭಾಗಗಳಾಗಿ ಬಿಚ್ಚಿ ಮಾರುತ್ತಾರೆ. ಒಡೆಯನಿಗೇ ಹುಸಿ ಸಂದೇಶ ಕಳಿಸಿ ಗುಟ್ಟನ್ನು ಕಸಿಯಲು ನೋಡುತ್ತಾರೆ. ಒಂದೇ ವರ್ಷದಲ್ಲಿ ೪೦,೦೦೦ದವರೆಗೆ ಕದ್ದ ಫೋನುಗಳನ್ನು ಬ್ರಿಟನ್ನಿನಿಂದ ಚೀನಾಕ್ಕೆ ಸಾಗಿಸಿತೆಂಬ ಶಂಕೆಯ ಮೇಲೆ ಒಂದು ತಂಡವನ್ನು ಹಿಡಿದುದಾಗಿ ಲಂಡನ್ ಪೊಲೀಸರು ೨೦೨೫ರ ಅಕ್ಟೋಬರಿನಲ್ಲಿ ತಿಳಿಸಿದರು. ಬೀಗ ಬಲವಾದಷ್ಟೂ ಕಳ್ಳತನ ಸಗಟು ವ್ಯಾಪಾರವಾಗುತ್ತ ಹೋದಂತೆ ಕಾಣುತ್ತದೆ. ಹೊರಗೆ ಉಳಿದದ್ದು ಯಾರು? ಚಿಲ್ಲರೆ ಜನ, ನಮ್ಮ ನಿಮ್ಮಂಥವರು.

ನಮ್ಮ ದೇಶದ ಸಂಗತಿ ಇಲ್ಲಿ ತುಸು ಬೇರೆಯಾಗುತ್ತದೆ. ಕ್ಯಾಲಿಫೋರ್ನಿಯದವರು ಬೀಗ ಮಾಡುವಾಗ, ಫೋನು ಕೊಂಡವನಿಗೆ ತನ್ನ ಖಾತೆ ತಿಳಿದಿರುತ್ತದೆಂದು ಹಿಡಿದಿದ್ದರು. ನಮ್ಮ ಊರುಗಳಲ್ಲಿ ಮೊದಲ ಸಲ ಫೋನು ಕೊಂಡವರಲ್ಲಿ ಎಷ್ಟೋ ಮಂದಿಗೆ ಆ ಖಾತೆಯನ್ನು ಮಾಡಿಕೊಟ್ಟವನು ಅಂಗಡಿಯ ಹುಡುಗ. ಅವನಿಗೆ ತೋಚಿದ ಹೆಸರು, ಅವನಿಗೆ ತೋಚಿದ ಗುಟ್ಟು. ಕೊಂಡವರು ಅದನ್ನು ಎಂದೂ ಬರೆದಿಟ್ಟುಕೊಂಡಿಲ್ಲ, ಕೇಳಿಯೂ ಇಲ್ಲ. ಆ ಹುಡುಗ ಅಂಗಡಿ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ. ಒಡೆಯನಿಗೆ ತನ್ನ ಮನೆಗೆ ಬೀಗವಿದೆಯೆಂಬುದೇ ಬಾಗಿಲು ಮುಚ್ಚಿದ ಮೇಲೆ ತಿಳಿಯುತ್ತದೆ. ಇದರ ಮೇಲೆ ಅಣ್ಣನಿಂದ ತಮ್ಮನಿಗೆ, ಮಗನಿಂದ ತಾಯಿಗೆ, ನಗರದ ಯಜಮಾನರಿಂದ ಮನೆಗೆಲಸದವಳಿಗೆ ಇಳಿದುಬರುವ ಹಳೆಯ ಫೋನುಗಳು ಬೇರೆ. ಮೊದಲಿನವರ ಗುರುತನ್ನು ಅಳಿಸಿ ಕೊಡಬೇಕೆಂಬ ನಡವಳಿಕೆ ಇನ್ನೂ ನಮ್ಮಲ್ಲಿ ಬೇರೂರಿಲ್ಲ.

ಸರ್ಕಾರ ಹಾಕುವ ಬೀಗ ಇನ್ನೊಂದು. ಪ್ರತಿ ಫೋನಿಗೂ ಐಎಂಇಐ ಎಂಬ ೧೫ ಅಂಕಿಗಳ ಜಾತಕವುಂಟು. ಫೋನು ಕಳೆದವರು ದೂರು ಕೊಟ್ಟರೆ ಆ ಅಂಕಿಯನ್ನು ದೇಶದ ದೂರವಾಣಿ ಜಾಲಗಳೆಲ್ಲ ನಿರಾಕರಿಸುವ ವ್ಯವಸ್ಥೆ, ಕರ್ನಾಟಕವೂ ಸೇರಿದಂತೆ ಕೆಲವೆಡೆ ಪ್ರಯೋಗವಾದ ಮೇಲೆ, ೨೦೨೩ರ ಮೇ ತಿಂಗಳಲ್ಲಿ 'ಸಂಚಾರ ಸಾಥಿ'ಯ ಮೂಲಕ ದೇಶಕ್ಕೆಲ್ಲ ಬಂತು. ಈ ಎರಡು ಬೀಗಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಗೂಗಲ್ಲಿನ ಬೀಗ ಫೋನಿನೊಳಗಿದೆ. ಅದನ್ನು ಮುರಿದರೂ ಸರ್ಕಾರದ ಪಟ್ಟಿಯಲ್ಲಿರುವ ಅಂಕಿ ಮಾಯವಾಗದು. ಅಂಕಿಯನ್ನೇ ತಿದ್ದುವುದು ಸೆರೆಮನೆಯ ದಾರಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವವನನ್ನು ಭಾರತೀಯ ನ್ಯಾಯ ಸಂಹಿತೆಯ ೩೧೭ನೆಯ ಕಲಮು ಬಿಡುವುದಿಲ್ಲ.

ಇಷ್ಟೆಲ್ಲ ನಾನು ಓದಿ ತಿಳಿಯಲು ಒಂದು ಕಾರಣವಿತ್ತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ತಾಲ್ಲೂಕಿನ ಮುದುಕಿಯರ ಬಾಯಿಂದ ಸೋಬಾನೆ, ಬೀಸುವ ಪದ, ಜೋಗುಳಗಳನ್ನು ಸಂಗ್ರಹಿಸುತ್ತಿದ್ದರು. ಟೇಪು ರೆಕಾರ್ಡರಿನ ಕಾಲ ಹೋಯಿತು, ಎಲ್ಲವೂ ಫೋನಿನಲ್ಲಿ. ಒಂದು ರಾತ್ರಿ ಮಲಗಿದವರು ಏಳಲಿಲ್ಲ. ಅವರ ಪತ್ನಿಗೆ ಫೋನಿನ ಗುಟ್ಟು ತಿಳಿಯದು. ಹಾಡುಗಳನ್ನು ತೆಗೆಯಿಸಬೇಕೆಂದು ಅವರು ಊರಿನ ಒಂದು ಅಂಗಡಿಗೆ ಒಯ್ದರು. ಅಲ್ಲಿದ್ದವನು, ಹೀಗೆ ಮಾಡಿದರೆ ಹಾಡು ಹೋಗುತ್ತದೆಂದು ಒಂದು ಮಾತು ಹೇಳದೆ, ಗುಂಡಿಗಳನ್ನು ಒತ್ತಿ ರೀಸೆಟ್ ಮಾಡಿ ಕೈಗಿತ್ತ. ಫೋನು ಸತ್ತವರ ಹೆಸರನ್ನು ಕೇಳುತ್ತ ನಿಂತಿತು.

ವಾಚಕರು ಗಮನಿಸಬೇಕಾದ ಒಂದು ಭೇದ ಇಲ್ಲಿದೆ; ತಂತ್ರಾಂಶ ಮಾರುವವರು ಇದನ್ನು ಬೇಕೆಂದೇ ಮಬ್ಬಾಗಿಸುತ್ತಾರೆ. ಫೋನು ಮರಳಿ ಪಡೆಯುವುದು ಬೇರೆ, ಫೋನಿನಲ್ಲಿದ್ದದ್ದನ್ನು ಮರಳಿ ಪಡೆಯುವುದು ಬೇರೆ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಒಳಗಿನದೆಲ್ಲ ಗೂಢಲಿಪಿಯಲ್ಲಿರುತ್ತದೆ. ರೀಸೆಟ್ ಮಾಡಿದಾಗ ಆ ಲಿಪಿಯನ್ನು ಬಿಡಿಸುವ ಸೂತ್ರವೇ ನಾಶವಾಗುತ್ತದೆ. ಅದಾದ ಮೇಲೆ ಬೀಗ ತೆಗೆಯುವ ಯಾವ ತಂತ್ರಾಂಶವೂ ತೆರೆಯುವುದು ಬರಿದಾದ ಮನೆಯನ್ನು. ಮುಂಚಿತವಾಗಿ ಬೇರೆಡೆ ಪ್ರತಿ ಇಟ್ಟಿದ್ದರೆ ಅದು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ತಾನು ಬಹಳ ಕಾಲ ಬಾರದೆ ಹೋದರೆ ತನ್ನ ಖಾತೆಯಲ್ಲಿರುವುದು ಯಾರಿಗೆ ತಲುಪಬೇಕೆಂದು ಮೊದಲೇ ಹೇಳಿಡುವ ಏರ್ಪಾಡು ಗೂಗಲ್ಲಿನಲ್ಲಿ ೨೦೧೩ರಿಂದ ಇದೆ. ಗೊಂಚಲನ್ನು ಸೊಸೆಗೆ ಒಪ್ಪಿಸುವ ಶಾಸ್ತ್ರವೇ ಅದು. ಬಳಸಿದವರನ್ನು ನಾನು ಕಂಡಿಲ್ಲ.

ಅವರು ಆಗಾಗ ಸಂತೋಷ ತಡೆಯಲಾರದೆ ವಾಟ್ಸಾಪಿನಲ್ಲಿ ನನಗೆ ಕಳಿಸಿದ್ದ ಹನ್ನೊಂದು ಹಾಡುಗಳು ನನ್ನಲ್ಲಿ ಉಳಿದಿವೆ. ಹಾಡಿದವರಲ್ಲಿ ಇಬ್ಬರು ಈಗಿಲ್ಲ.

ಕೊನೆಗೆ ಫೋನನ್ನಾದರೂ ಉಳಿಸಿಕೊಳ್ಳೋಣವೆಂದು ಅವರ ಪತ್ನಿ ಬೆಂಗಳೂರಿಗೆ ಬಂದಾಗ ನಾನೂ ಜೊತೆಯಲ್ಲಿ ಹೋದೆ. ಎಸ್. ಪಿ. ರೋಡಿನ ಹತ್ತಿರದ ಒಂದು ಗಲ್ಲಿ. ಮೂರು ಮಂದಿ ನಿಂತರೆ ತುಂಬುವ ಅಂಗಡಿ. ಮೂವತ್ತರ ಆಸುಪಾಸಿನ ಯುವಕ ಫೋನನ್ನು ತಿರುವಿ ನೋಡಿ ಮೊದಲು ಕೇಳಿದ್ದು, "ಅಮ್ಮಾ, ಬಿಲ್ಲಿದೆಯಾ? ಡಬ್ಬ ಇದೆಯಾ?" ಆಕೆ ಎರಡನ್ನೂ ತಂದಿದ್ದರು, ಮರಣಪತ್ರದ ಪ್ರತಿಯನ್ನೂ. ಡಬ್ಬದ ಮೇಲಿನ ೧೫ ಅಂಕಿಗಳನ್ನು ಫೋನಿನದರೊಡನೆ ಒಂದೊಂದಾಗಿ ಬೆರಳಿಟ್ಟು ಹೋಲಿಸಿದ. ಸರ್ಕಾರದ ಪಟ್ಟಿಯಲ್ಲಿ ಅದು ಕಳುವಾದದ್ದಲ್ಲವೆಂದು ನೋಡಿಕೊಂಡ. ಆಮೇಲೆ ಹೇಳಿದ: "ಫೋನು ಬರ್ತದಮ್ಮ. ಒಳಗಿದ್ದದ್ದು ಬರಲ್ಲ. ಮೊದಲೇ ಹೇಳಿಬಿಡ್ತೀನಿ, ಆಮ್ಯಾಲೆ ಬೇಜಾರು ಮಾಡ್ಕೋಬೇಡಿ."

"ಗೊತ್ತಪ್ಪ," ಎಂದರು ಆಕೆ.

ನಾವು ಕಾಯುತ್ತಿದ್ದಾಗಲೇ ಇನ್ನೊಬ್ಬ ಬಂದು, ಬಿಲ್ಲಿಲ್ಲದ ಹೊಚ್ಚಹೊಸ ಫೋನೊಂದನ್ನು ಮುಂದಿಟ್ಟು, ಎಷ್ಟಾದರೂ ಕೊಡುತ್ತೇನೆಂದ. ಯುವಕ ತಲೆಯೆತ್ತದೆ, "ಆಗಲ್ಲ ಗುರು," ಎಂದು ಅದನ್ನು ಹಿಂದಕ್ಕೆ ಸರಿಸಿದ. ಅವನ ಮುಂದಿದ್ದ ಗಣಕಕ್ಕೆ ಎರಡು ಫೋನುಗಳಲ್ಲಿ ಭೇದವಿರಲಿಲ್ಲ. ತಂತಿ ಸಿಕ್ಕಿಸಿದ್ದರೆ ಅದು ಎರಡನ್ನೂ ತೆರೆಯುತ್ತಿತ್ತು.

ಅರ್ಧ ಗಂಟೆಯಲ್ಲಿ ನಮ್ಮ ಕೆಲಸ ಮುಗಿಯಿತು. ಫೋನು ಹೊತ್ತಿಕೊಂಡು ಯಾವ ಭಾಷೆ ಬೇಕೆಂದು ಕೇಳಿತು. ಆಕೆ ಕನ್ನಡವನ್ನು ಒತ್ತಿದರು. ಯುವಕ ಮೇಜಿನ ಕೆಳಗಿನಿಂದ ಉದ್ದನೆಯ ರಟ್ಟಿನ ಪುಸ್ತಕ ತೆಗೆದ. ಗೆರೆ ಹಾಕಿ ಕಲಮುಗಳನ್ನು ಮಾಡಿದ್ದ: ತಾರೀಖು, ಫೋನಿನ ಅಂಕಿ, ಬಿಲ್ಲಿನ ನಂಬರು, ತಂದವರ ಹೆಸರು, ಸಹಿ. ಮಾಲೀಕರ ಹೆಸರೆಂಬ ಕಲಮಿಗೆ ಬಂದಾಗ ಆಕೆ ಗಂಡನ ಹೆಸರು ಹೇಳಿದರು. ಅವನು ಅದನ್ನು ಬರೆದು, ಮಗ್ಗುಲಲ್ಲಿ ಒಂದು ಅಡ್ಡಗೆರೆ ಎಳೆದು, ಅವರ ಹೆಸರನ್ನೂ ಕೇಳಿ ಬರೆದುಕೊಂಡು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದ.